ತ್ರಿಕೂಟಪ್ಪನ ಮೀಸಲು

ರಾಶಿಯಾದ ದಿನ ನಮ್ಮ ಆಯಿ, ಅಪ್ಪನ ಅವ್ವ, ಮೊದಲು ತುಂಬುತ್ತಿದ್ದದ್ದು ಕಾಳು ಕೂಡಿಡುವ ಹಗೇವನ್ನಲ್ಲ, ಒಂದು ಸಣ್ಣ ಗೋಣಿಚೀಲವನ್ನು. ಬಿಳಿಜೋಳದ ರಾಶಿಗೆ ಊದಿನಕಡ್ಡಿ ಬೆಳಗಿ, ಕಾಯಿ ಒಡೆದು, ಸೆರಗು ನಡಕ್ಕೆ ಸಿಕ್ಕಿಸಿಕೊಂಡು ಎರಡೂ ಕೈಯಿಂದ ಬೊಗಸೆ ಬೊಗಸೆ ಎತ್ತಿ ಹಾಕುವಳು. ಸೇರು ಪಕ್ಕದಲ್ಲೇ ಇದ್ದರೂ ಮುಟ್ಟುತ್ತಿರಲಿಲ್ಲ. ದೇವರದನ್ನು ಅಳೆಯಬಾರದು ಎನ್ನುವುದು ಆಕೆಯ ಮಾತು. ಚೀಲದ ಬಾಯಿ ಹೊಲಿದು ಜಗಲಿಯ ಬದಿಗೆ ಇಟ್ಟಮೇಲೆಯೇ ಉಳಿದ ರಾಶಿಗೆ ಉಳಿದವರ ಕೈ. ಆ ಚೀಲಕ್ಕೆ ನಮ್ಮ ಮನೆಯಲ್ಲಿ ಇದ್ದ ಹೆಸರು ‘ತ್ರಿಕೂಟಪ್ಪನ ಮೀಸಲು’. ತ್ರಿಕೂಟಪ್ಪ ಎಂದರೆ ಗದಗಿನ ತ್ರಿಕೂಟೇಶ್ವರ ದೇವರು.

ನಮ್ಮೂರು ಹೊಂಬಳ. ಗದಗಿನಿಂದ ಬಸ್ಸು ಹತ್ತಿದರೆ ಎರೆಹೊಲಗಳ ನಡುವೆ ಸ್ವಲ್ಪ ಹೊತ್ತಿನ ದಾರಿ. ಶಿವರಾತ್ರಿಯ ಹಿಂದುಮುಂದಿನ ಒಂದು ಸೋಮವಾರ ಆಯಿ ಚೀಲವನ್ನು ತಲೆಯ ಮೇಲೆ, ನನ್ನನ್ನು ಕೈಯಲ್ಲಿ ಹಿಡಿದು ಹೊರಡುವಳು. ಗದಗಿನ ಬಸ್‌ ನಿಲ್ದಾಣದಲ್ಲಿ ಇಳಿದರೆ ಟಾಂಗಾದವರು ಕರೆಯುತ್ತಿದ್ದರು. ಆಕೆ ಹತ್ತುತ್ತಿರಲಿಲ್ಲ. ದೇವರ ಜೋಳ ನಡೆದುಕೊಂಡೇ ಹೋಗಬೇಕು. ಸಂತೆಯ ಗದ್ದಲ, ಮಿರ್ಚಿ ಕರಿಯುವ ವಾಸನೆ, ಬೆಟಗೇರಿಯ ಸೀರೆ ಹೊತ್ತ ಸೈಕಲ್ಲುಗಳು, ಮುದ್ರಣಾಲಯಗಳಿಂದ ಬರುವ ಕಟಕಟ ಸದ್ದು, ಇವನ್ನೆಲ್ಲ ದಾಟಿ ಗುಡಿಯ ಬಾಗಿಲಿಗೆ ಬಂದಾಗ ಹೊರಗಿನ ಊರು ಒಮ್ಮೆಲೇ ನಿಂತುಹೋದ ಹಾಗೆ ಆಗುತ್ತಿತ್ತು. ಕಲ್ಲು ತಂಪು. ಒಳಗೆ ಎಣ್ಣೆ, ವಿಭೂತಿ, ಬಾಡಿದ ಬಿಲ್ವಪತ್ರೆ, ಬಾವಲಿ ಎಲ್ಲ ಕೂಡಿದ ಒಂದು ವಾಸನೆ. ಇವತ್ತಿಗೂ ಯಾವ ಹಳೆಯ ಗುಡಿಗೆ ಹೋದರೂ ಆ ವಾಸನೆ ಬಂದರೆ ನನ್ನ ಕೈ ತಾನಾಗಿ ಆಯಿಯ ಕೈಯನ್ನು ಹುಡುಕುತ್ತದೆ.

ತ್ರಿಕೂಟೇಶ್ವರನ ಗರ್ಭಗುಡಿಯಲ್ಲಿ ಇರುವುದು ಒಂದು ಲಿಂಗವಲ್ಲ, ಮೂರು. ಒಂದೇ ಪೀಠದ ಮೇಲೆ ಸಾಲಾಗಿ ಮೂರು. ಬ್ರಹ್ಮ, ವಿಷ್ಣು, ಮಹೇಶ್ವರ ಎಂದು ಹೇಳುತ್ತಾರೆ. ತ್ರಿಕೂಟ ಎಂದಕೂಡಲೇ ಗುಡಿಗಳ ಬಗ್ಗೆ ಬಲ್ಲವರಿಗೆ ನೆನಪಾಗುವುದು ಮೂರು ಗರ್ಭಗುಡಿಗಳು ಒಂದೇ ನಡುಮಂಟಪಕ್ಕೆ ತೆರೆದುಕೊಳ್ಳುವ ಕಟ್ಟಡ. ನಾಡಿನಲ್ಲಿ ಅಂಥವು ಬೇಕಾದಷ್ಟಿವೆ. ಇಲ್ಲಿಯ ವಿಶೇಷವೆಂದರೆ ಮೂವರಿಗೂ ಒಂದೇ ಕೋಣೆ, ಒಂದೇ ಹಾಸು. ಪೂಜಾರಿಗಳು ಮೂರರ ಮೇಲೂ ನೀರು ಸುರಿಯುವುದನ್ನು ಹೊಸ್ತಿಲಿನ ಈಚೆ ನಿಂತು ನೋಡುವುದು ನನಗೆ ಬಲು ಇಷ್ಟ. ಯಾರ ಮೇಲೆ ಬಿದ್ದ ನೀರು ಯಾವುದು ಎಂದು ಪೀಠದ ಮೇಲೆ ಗೊತ್ತೇ ಆಗುವುದಿಲ್ಲ, ಎಲ್ಲ ಕೂಡಿ ಹರಿಯುತ್ತದೆ.

ಚಿಕ್ಕವನಿದ್ದಾಗ ಒಮ್ಮೆ ಕೇಳಿದ್ದೆ, ಮೂರು ಯಾಕ ಅಂತ.

“ಮೂರೂ ಮಂದಿ ಅಣ್ಣತಮ್ಮರು, ತಮ್ಮಾ. ಇವರ ಮನ್ಯಾಗ ಇನ್ನೂ ಪಾಲು ಆಗಿಲ್ಲ.”

ಆಗ ಅದು ಬರೀ ಉತ್ತರವಾಗಿತ್ತು. ಆಯಿಗೂ ಮೂವರು ಗಂಡುಮಕ್ಕಳು, ನನ್ನಪ್ಪ ನಡುವಿನವನು. ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ ಹೊಲ ಮೂರು ಪಾಲಾಗಿ, ನಡುವೆ ಎರಡು ಬದು ಬಿದ್ದವು. ಅಂಗಳದಲ್ಲಿ ಗೋಡೆ ಎದ್ದಿತು. ಆಯಿ ಯಾರ ಪಾಲಿಗೂ ಬರಲಿಲ್ಲ, ತಿಂಗಳಿಗೊಂದು ಮನೆ ಎಂದು ತೀರ್ಮಾನವಾಯಿತು. ಆದರೆ ಮೀಸಲಿನ ಚೀಲ ಮಾತ್ರ ಒಂದೇ ಇರಬೇಕು ಎಂದು ಆಕೆ ಹಟ ಹಿಡಿದಳು. ಮೂರು ಕಣಕ್ಕೂ ಹೋಗಿ, ಮೂರು ರಾಶಿಯಿಂದಲೂ ಬೊಗಸೆ ಎತ್ತಿ, ಅದೇ ಒಂದು ಚೀಲಕ್ಕೆ ಹಾಕಿಕೊಂಡು ಬರುತ್ತಿದ್ದಳು. ದೊಡ್ಡಪ್ಪನೂ ಕಾಕನೂ ಒಬ್ಬರಿಗೊಬ್ಬರು ಮಾತು ಬಿಟ್ಟ ವರ್ಷದಲ್ಲಿಯೂ ಅವರಿಬ್ಬರ ಜೋಳ ಆ ಚೀಲದಲ್ಲಿ ಕೂಡಿ ಗದಗಿಗೆ ಹೋಗಿದೆ.

ನಾನು ದೊಡ್ಡವನಾಗಿ ಗದಗಿನಲ್ಲೇ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದೆ. ಅಚ್ಚುಮೊಳೆಗಳು ಮೂಲೆ ಸೇರಿ ಕಂಪ್ಯೂಟರು ಬಂದಿದ್ದ ಕಾಲ. ಒಂದು ಸ್ಮರಣ ಸಂಚಿಕೆಗೆ ಯಾರೋ ಹಿರಿಯರು ಗದಗಿನ ಶಾಸನಗಳ ಬಗ್ಗೆ ಬರೆದ ಲೇಖನ ನನ್ನ ಮೇಜಿಗೆ ಬಂತು. ಕರಡು ತಿದ್ದುವವನು ಅರ್ಥ ನೋಡುವುದಿಲ್ಲ, ಅಕ್ಷರ ನೋಡುತ್ತಾನೆ. ಹಾಗೆ ಅಕ್ಷರ ನೋಡುತ್ತ ಹೋಗುವಾಗ ಒಂದು ಸಾಲಿನಲ್ಲಿ ‘ಹೊಂಬಳಲು’ ಎಂದಿತ್ತು. ತಪ್ಪೆಂದು ಕೆಂಪು ಶಾಯಿಯಲ್ಲಿ ಕಡೆಯ ‘ಲು’ ಹೊಡೆದು ಹಾಕಿದೆ. ಹೊಡೆದ ಮೇಲೆ ವಾಕ್ಯ ಓದಿದೆ. ಓದಿ ಕುರ್ಚಿಯಿಂದ ಎದ್ದುಬಿಟ್ಟೆ.

1192ರಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳ ತ್ರಿಕೂಟೇಶ್ವರ ದೇವರಿಗೆ ಬೆಳ್ವೊಲ ಮುನ್ನೂರು ಎಂಬ ಸೀಮೆಯೊಳಗಿನ ಹೊಂಬಳಲು ಎಂಬ ಗ್ರಾಮವನ್ನು ದಾನ ಕೊಟ್ಟ ಎಂದು ಅಲ್ಲಿ ಇತ್ತು. ಹೊಂಬಳಲು ಎಂದರೆ ನಮ್ಮ ಹೊಂಬಳ. ಬೆಳ್ವೊಲ ಎಂದರೆ ಬೆಳೆಯ ಹೊಲ, ಈ ಎರೆಸೀಮೆಗೆ ಹಿಂದಿನವರು ಇಟ್ಟ ಹೆಸರು. ನಮ್ಮೂರು ಇಡಿಯಾಗಿ ಒಂದು ಕಾಲಕ್ಕೆ ತ್ರಿಕೂಟಪ್ಪನ ಮೀಸಲೇ ಆಗಿತ್ತು.

ಆ ‘ಲು’ವನ್ನು ಮತ್ತೆ ಬರೆದು ಸೇರಿಸಿದೆ. ಅಂದಿನಿಂದ ಹಳೆಯ ಊರ ಹೆಸರನ್ನು ತಿದ್ದುವ ಮೊದಲು ಎರಡು ಸಲ ಓದುತ್ತೇನೆ.

ಆ ಲೇಖನದಲ್ಲಿ ಇನ್ನೊಂದು ವಿಷಯವಿತ್ತು. ಅದನ್ನು ಹೇಳಲಿಕ್ಕೆಂದೇ ಇಷ್ಟು ಬರೆಯುತ್ತಿದ್ದೇನೆ ಎಂದರೂ ಸರಿ.

ಹನ್ನೆರಡನೆಯ ಶತಮಾನದ ಕೊನೆ. ಕಲ್ಯಾಣದ ಚಾಲುಕ್ಯರ ಆಳ್ವಿಕೆ ಮುಗಿಯುತ್ತ ಬಂದಿತ್ತು. ನಡುವೆ ಕಳಚುರಿ ಬಿಜ್ಜಳ ಸಿಂಹಾಸನ ಹಿಡಿದು ಹೋಗಿದ್ದ. ಚಾಲುಕ್ಯ ನಾಲ್ವಡಿ ಸೋಮೇಶ್ವರ ಅದನ್ನು ಮರಳಿ ಪಡೆದರೂ ಬಹಳ ದಿನ ಉಳಿಸಿಕೊಳ್ಳಲಾಗಲಿಲ್ಲ. ಯಜಮಾನನಿಲ್ಲದ ಮನೆಯಂತಾದ ಈ ಸೀಮೆಗೆ ಉತ್ತರದಿಂದ ದೇವಗಿರಿಯ ಯಾದವ ಭಿಲ್ಲಮ ಬಂದ, ದಕ್ಷಿಣದಿಂದ ದೋರಸಮುದ್ರದ ವೀರಬಲ್ಲಾಳ ಬಂದ. ಇಬ್ಬರೂ ಎದುರಾದದ್ದು ನಮ್ಮ ಹೊಲಗಳ ಮೇಲೆ. ಗದಗಿನ ಹತ್ತಿರದ ಸೊರಟೂರಿನಲ್ಲಿ ದೊಡ್ಡ ಕಾಳಗವಾಯಿತು. ಆಗ ಲೊಕ್ಕಿಗುಂಡಿ ಎನ್ನುತ್ತಿದ್ದ ಲಕ್ಕುಂಡಿಯ ಕೋಟೆಗಾಗಿ ಹೋರಾಟ ನಡೆಯಿತು. ಭಿಲ್ಲಮನ ಬಲಗೈಯಂತಿದ್ದ ಜೈತ್ರಸಿಂಹನನ್ನು ಸೋಲಿಸಿ ಕುಂತಲದ, ಎಂದರೆ ಈ ನಾಡಿನ, ಒಡೆತನ ಪಡೆದೆನೆಂದು ಬಲ್ಲಾಳ ತನ್ನ ಗದಗಿನ ಶಾಸನದಲ್ಲಿ ಹೇಳಿಸಿದ್ದಾನೆ. ಗೆದ್ದಮೇಲೆ ಲೊಕ್ಕಿಗುಂಡಿಯಲ್ಲೇ ಬೀಡುಬಿಟ್ಟ.

ಈಗ ಗುಡಿಯ ಕಡೆಯಿಂದ ನೋಡಿ. 1191ರಲ್ಲಿ ಭಿಲ್ಲಮ ತ್ರಿಕೂಟೇಶ್ವರನಿಗೆ ಒಂದು ಗ್ರಾಮ ಕೊಟ್ಟ, ಹಿರಿಯ ಹಂದಿಗೋಳ. ಅದರ ಮರುವರ್ಷವೇ ಬಲ್ಲಾಳ ಹೊಂಬಳಲು ಕೊಟ್ಟ. ಎರಡೂ ದಾನಗಳನ್ನು ಪಡೆದ ಕೈ ಒಂದೇ. ಗುಡಿಯ ಸ್ಥಾನಾಚಾರ್ಯ, ಎಂದರೆ ಗುಡಿಯನ್ನು ನೋಡಿಕೊಳ್ಳುವ ಗುರು, ಸಿದ್ಧಾಂತಿ ಚಂದ್ರಭೂಷಣ ಪಂಡಿತದೇವ, ಸತ್ಯವಾಕ್ಯ ಎಂಬ ಇನ್ನೊಂದು ಹೆಸರಿದ್ದವನು. ಒಬ್ಬರನ್ನೊಬ್ಬರು ಮುಗಿಸಲು ಹೊರಟ ಇಬ್ಬರು ದೊರೆಗಳು ಒಂದೇ ದೇವರ ಮುಂದೆ, ಒಂದೇ ಗುರುವಿನ ಕೈಗೆ, ಒಬ್ಬರ ಹಿಂದೊಬ್ಬರು ದಾನದ ನೀರು ಬಿಟ್ಟಿದ್ದಾರೆ.

ನನ್ನನ್ನು ಅಂದು ಕುರ್ಚಿಯಿಂದ ಎಬ್ಬಿಸಿದ್ದು ನಮ್ಮೂರ ಹೆಸರು. ಆದರೆ ರಾತ್ರಿ ನಿದ್ದೆ ಕೆಡಿಸಿದ್ದು ಈ ಆಚಾರ್ಯ. ಗೆದ್ದ ಬಲ್ಲಾಳ ಅವನನ್ನು ಎಬ್ಬಿಸಿ ಕಳಿಸಬಹುದಿತ್ತು. ನಿನ್ನೆಯವರೆಗೆ ನನ್ನ ಹಗೆಯಿಂದ ಭೂಮಿ ಪಡೆದವನು ನೀನು ಎಂದು ಕೇಳಬಹುದಿತ್ತು. ಹಾಗಾಗಲಿಲ್ಲ. ನನಗೆ ನೆನಪಾದದ್ದು ದೊಡ್ಡಪ್ಪ, ಕಾಕ ಮತ್ತು ನಡುವೆ ಚೀಲದ ಬಾಯಿ ತೆರೆದು ಹಿಡಿದುಕೊಂಡು ಕೂತ ಆಯಿ.

ಹಿರೇಹಂದಿಗೋಳಕ್ಕೂ ಹೊಂಬಳಕ್ಕೂ ಈಗಲೂ ಗದಗಿನಿಂದಲೇ ಬಸ್ಸು. ಬೋರ್ಡಿನ ಮೇಲೆ ಆ ಎರಡು ಹೆಸರು ಕಂಡಾಗಲೆಲ್ಲ ನನಗೆ ಇಬ್ಬರು ದೊರೆಗಳೂ ಕಾಣುತ್ತಾರೆ.

ಒಂದು ಮಾತು ಮಾತ್ರ ಸ್ಪಷ್ಟವಾಗಿ ಹೇಳಬೇಕು. ಆಯಿಯ ಚೀಲ ಬಲ್ಲಾಳನ ಶಾಸನದಿಂದಲೇ ನಡೆದುಬಂತು ಎಂದು ನಾನು ಹೇಳುತ್ತಿಲ್ಲ. ನಡುವಿನ ಎಂಟುನೂರು ವರ್ಷಗಳಲ್ಲಿ ಎಷ್ಟು ಕ್ಷಾಮ, ಎಷ್ಟು ಕೈಬದಲು ಆಗಿರಲಿಕ್ಕಿಲ್ಲ. ಆಯಿಗೆ ಬಲ್ಲಾಳನ ಹೆಸರೇ ಗೊತ್ತಿರಲಿಲ್ಲ. ಲೇಖನ ಓದಿದ ವಾರವೇ ಊರಿಗೆ ಹೋಗಿ ಆಕೆಗೆ ಎಲ್ಲ ಹೇಳಿದೆ. ಕಡಲೆ ಸುಲಿಯುತ್ತ ಕೇಳಿಸಿಕೊಂಡಳು. ಆಮೇಲೆ, “ಅರಸ ಕೊಟ್ಟಾನ ಬಿಡು, ದುಡದವರು ನಾವs ಅಲ್ಲ?” ಎಂದಳು. ಅದೂ ನಿಜ. ಶಾಸನದಲ್ಲಿ ದೊರೆಯ ಬಿರುದುಗಳು ಇರುತ್ತವೆ, ಆಚಾರ್ಯನ ಗುಣಗಳು ಇರುತ್ತವೆ. ಊರು ದಾನವಾಯಿತು ಎಂದರೆ ಆ ಊರಿನ ಒಕ್ಕಲು ಬೆಳೆದುಕೊಟ್ಟ ಕಾಳು ದೇವರ ಪಾಲಾಯಿತು ಎಂದು. ಒಕ್ಕಲಿನವನ ಹೆಸರನ್ನು ಯಾವ ಕಲ್ಲಿನಲ್ಲಿಯೂ ಕೊರೆಸಿಲ್ಲ.

ಅಂಥ ದಾನದ ಹುಟ್ಟುವಳಿ ಏತಕ್ಕೆ ಬಳಕೆಯಾಗಬೇಕು ಎಂದು ಆ ಕಾಲದ ಶಾಸನಗಳು ಹೇಳುವ ರೀತಿ ನನಗೆ ಬಾಯಿಪಾಠವಾಗಿಬಿಟ್ಟಿದೆ. ದೇವರ ಅಂಗಭೋಗ, ಎಂದರೆ ಸ್ನಾನ, ಗಂಧ, ಧೂಪ, ನೈವೇದ್ಯ. ರಂಗಭೋಗ, ಎಂದರೆ ದೇವರ ಮುಂದಿನ ಹಾಡು, ಕುಣಿತ, ವಾದ್ಯ. ತಪೋಧನರ ಅನ್ನ. ವಿದ್ಯಾದಾನ. ಮತ್ತೆ ‘ಖಂಡಸ್ಫುಟಿತ ಜೀರ್ಣೋದ್ಧಾರ’, ಒಡೆದದ್ದನ್ನು, ಬಿರುಕು ಬಿಟ್ಟದ್ದನ್ನು, ಹಳತಾದದ್ದನ್ನು ಸರಿಮಾಡುವುದು. ಕಟ್ಟುವ ದಿನವೇ ಇದು ಒಡೆಯುತ್ತದೆ ಎಂದು ಗೊತ್ತಿದ್ದವರ ಮಾತು ಅದು. ನಾಡಿನ ಎಷ್ಟೋ ದಾನಶಾಸನಗಳ ಕೊನೆಗೆ ಒಂದು ಶ್ಲೋಕ ಬರುತ್ತದೆ. ಕೊಡುವುದು, ಕಾಪಾಡುವುದು ಇವೆರಡರಲ್ಲಿ ಕಾಪಾಡುವುದೇ ಹೆಚ್ಚು, ‘ದಾನಾಚ್ಛ್ರೇಯೋಽನುಪಾಲನಂ’. ಇನ್ನೊಂದು, ತಾನು ಕೊಟ್ಟದ್ದಾಗಲಿ ಬೇರೆಯವರು ಕೊಟ್ಟದ್ದಾಗಲಿ ಕಸಿದವನು ಅರವತ್ತು ಸಾವಿರ ವರ್ಷ ಹೊಲಸಿನಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂಬ ಶಾಪ. ಬೇರೆಯವರು ಕೊಟ್ಟದ್ದೂ ಎಂಬ ಮಾತನ್ನು ಓದುವಾಗ ಹಂದಿಗೋಳವೇ ಕಣ್ಣಮುಂದೆ ಬರುತ್ತದೆ.

ಚಂದ್ರಭೂಷಣ ಪಂಡಿತ ಕಾಳಾಮುಖ ಪಂಥದವನು. ಈಗ ಈ ಹೆಸರು ಕೇಳಿದವರೇ ಕಡಿಮೆ. ಹನ್ನೊಂದು, ಹನ್ನೆರಡನೆಯ ಶತಮಾನದ ಕರ್ನಾಟಕದಲ್ಲಿ ಕಾಳಾಮುಖ ಶೈವರ ಮಠಗಳು ದೊಡ್ಡ ವಿದ್ಯಾಕೇಂದ್ರಗಳು. ಬಳ್ಳಿಗಾವೆಯ ಕೇದಾರೇಶ್ವರ ಗುಡಿಯ ಕೋಡಿಯಮಠ ಅವುಗಳಲ್ಲಿ ಹೆಸರಾದದ್ದು. ವ್ಯಾಕರಣ, ತರ್ಕ, ಸಿದ್ಧಾಂತ ಓದಿಸುತ್ತಿದ್ದರು. ಮುಂದೆ ಆ ಪಂಥವೇ ಕಾಣದಂತಾಯಿತು. ಅವರ ಹಲವು ಮಠಗಳು ವೀರಶೈವ ಪರಂಪರೆಯೊಳಗೆ ಸೇರಿಹೋದವು ಎಂದು ವಿದ್ವಾಂಸರು ಹೇಳುತ್ತಾರೆ. ಗದಗಿನಲ್ಲಿ ಅವರು ಉಳಿಸಿಹೋದದ್ದು ಏನು ಎಂದು ಯಾರಾದರೂ ನನ್ನನ್ನು ಕೇಳಿದರೆ ಸರಸ್ವತಿಯ ಗುಡಿಯ ಕಡೆ ಕೈ ತೋರಿಸುತ್ತೇನೆ.

ಅದು ತ್ರಿಕೂಟೇಶ್ವರನ ಆವರಣದಲ್ಲೇ ಇದೆ. ಶಿವನ ಗುಡಿಯ ಅಂಗಳದಲ್ಲಿ ವಿದ್ಯೆಯ ದೇವಿಗೆ ಬೇರೆಯದೇ ಮನೆ. ತ್ರಿಕೂಟೇಶ್ವರನ ಮೂಲ ಗುಡಿ ಬಹಳ ಹಳೆಯದು. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಅದು ಬೆಳೆಯಿತು, ಮಂಟಪಗಳು ಹಿಗ್ಗಿದವು, ಹೊರಗಿನ ಕಕ್ಷಾಸನದ, ಎಂದರೆ ಒರಗಿ ಕೂರುವ ಕಲ್ಲುಕಟ್ಟೆಯ, ಇಳಿಜಾರು ಹಲಗೆಗಳ ಮೇಲೆ ಸಣ್ಣ ಸಣ್ಣ ಶಿಲ್ಪಗಳ ಸಾಲು ಬಂತು. ಸರಸ್ವತಿಯ ಗುಡಿಯೂ ಅದೇ ಕೈಗಳ ಕೆಲಸ, ಆದರೆ ಕೈ ಇಲ್ಲಿ ಇನ್ನಷ್ಟು ಪಳಗಿದೆ. ಇದರ ಮುಖಮಂಟಪದ ಕಂಬಗಳನ್ನು ನೋಡಲೆಂದೇ ದೂರದಿಂದ ಜನ ಬರುತ್ತಾರೆ. ಬಂದವರು ಐದು ನಿಮಿಷದಲ್ಲಿ ಫೋಟೋ ತೆಗೆದುಕೊಂಡು ಹೋಗುವುದನ್ನು ಕಂಡರೆ ನನಗೆ ಕೈಹಿಡಿದು ನಿಲ್ಲಿಸಬೇಕೆನಿಸುತ್ತದೆ. ಒಂದೇ ಕಂಬದ ಮುಂದೆ ಕೂತುಕೊಳ್ಳಿ, ನೆಲದ ಮೇಲೆ ಕೂತುಕೊಳ್ಳಿ.

ನಾನು ಕೂತುಕೊಳ್ಳುವ ಕಂಬ ಒಂದಿದೆ. ಬುಡ ಚೌಕ. ಅಲ್ಲಿಂದ ಮೇಲೆ ಚೌಕ ಮೂಲೆಗಳನ್ನು ಬಿಡುತ್ತ ಬಿಡುತ್ತ ನಕ್ಷತ್ರವಾಗುತ್ತದೆ, ನಕ್ಷತ್ರ ದುಂಡಗಾಗುತ್ತದೆ, ದುಂಡನೆಯದು ಗಂಟೆಯ ಹಾಗೆ ಒಳಗೆ ಬಾಗಿ ಮತ್ತೆ ತಟ್ಟೆಯ ಹಾಗೆ ಹರಡುತ್ತದೆ. ಬುಡದ ಚೌಕದ ಮೇಲೆ ಹೆಬ್ಬೆರಳಿನಷ್ಟು ಎತ್ತರದ ಗುಡಿಗಳಿವೆ. ಆ ಗುಡಿಗೆ ಶಿಖರ ಉಂಟು, ಶಿಖರಕ್ಕೆ ಅಂತಸ್ತುಗಳುಂಟು, ಬಾಗಿಲುಂಟು, ಬಾಗಿಲ ಮೇಲೆ ತೋರಣವುಂಟು. ತೋರಣದ ಎಲೆಯ ಅಡಿಯಲ್ಲಿ ಬೆರಳು ತೂರಿಸಿದರೆ ಹಿಂದೆ ಟೊಳ್ಳು ಸಿಗುತ್ತದೆ. ಎಲೆಯನ್ನು ಕಲ್ಲಿನಿಂದ ಪೂರ್ತಿ ಬಿಡಿಸಿ ನಿಲ್ಲಿಸಿದ್ದಾನೆ. ಕಣ್ಣಿಗೆ ಕಾಣದ ಆ ಹಿಂಬದಿಯೂ ನುಣುಪು. ನನಗೆ ಹಿಂಬದಿಯ ಆ ನುಣುಪೇ ಎಲ್ಲಕ್ಕಿಂತ ದೊಡ್ಡದು.

ಇದು ಸಾಧ್ಯವಾದದ್ದು ಕಲ್ಲು ಬದಲಾದ್ದರಿಂದ. ಬಾದಾಮಿ, ಪಟ್ಟದಕಲ್ಲಿನವರು ಕೆತ್ತಿದ್ದು ಮರಳುಗಲ್ಲನ್ನು. ಅದರಲ್ಲಿ ದೊಡ್ಡ ಆಕಾರಗಳು ಚೆನ್ನಾಗಿ ಬರುತ್ತವೆ, ತೀರ ಸೂಕ್ಷ್ಮಕ್ಕೆ ಹೋದರೆ ಕಾಳು ಉದುರುತ್ತದೆ. ಹನ್ನೊಂದನೆಯ ಶತಮಾನದಿಂದ ಈ ಭಾಗದ ಶಿಲ್ಪಿಗಳು ಹಿಡಿದದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗೆ, ಉಳಿಗೆ ಬೆಣ್ಣೆಯಂತೆ ಬಗ್ಗುತ್ತದೆ. ಗಾಳಿಗೆ ಬಿದ್ದು ದಿನ ಕಳೆದಂತೆ ಗಟ್ಟಿಯಾಗುತ್ತದೆ. ತಿರುಗಣಿಗೆ ಹಚ್ಚಿ ಮರದ ಕಂಬದ ಹಾಗೆ ಕಡೆಯಬಹುದು. ಲಕ್ಕುಂಡಿಯಲ್ಲಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯದಿಂದ ಆರಂಭಿಸಿ, ಅದೇ ಊರಿನ ಕಾಶಿವಿಶ್ವೇಶ್ವರ, ಡಂಬಳದ ದೊಡ್ಡಬಸಪ್ಪ, ಇಲ್ಲಿಯ ಸರಸ್ವತಿಯವರೆಗೆ ನೋಡುತ್ತ ಬಂದರೆ ಆ ಕಲ್ಲಿನ ಸ್ವಭಾವವನ್ನು ಶಿಲ್ಪಿಗಳು ಹಂತಹಂತವಾಗಿ ಕಲಿತದ್ದು ಗೊತ್ತಾಗುತ್ತದೆ. ಇದೇ ಕಲ್ಲು, ಇದೇ ಕಲೆ ಮುಂದೆ ಹೊಯ್ಸಳರ ಬೇಲೂರು ಹಳೇಬೀಡಿನಲ್ಲಿ ಬೆಳೆಯಿತು. ಬಲ್ಲಾಳ ಲಕ್ಕುಂಡಿಗೆ ಬಂದಾಗ ತನ್ನ ಮನೆಯವರ ಕಲೆಯ ತವರಿಗೇ ಬಂದಿದ್ದ ಅನ್ನಬೇಕು.

ಆಯಿಗೆ ಈ ಲೆಕ್ಕ ಬೇಕಿರಲಿಲ್ಲ. ಆಕೆಗೆ ಇವೆಲ್ಲ ಜಕಣಾಚಾರಿಯ ಗುಡಿಗಳು. ಒಂದೇ ರಾತ್ರಿಯಲ್ಲಿ ಕಟ್ಟುತ್ತಿದ್ದ, ಕೋಳಿ ಕೂಗಿದರೆ ಉಳಿ ಕೆಳಗಿಟ್ಟು ಹೊರಟುಬಿಡುತ್ತಿದ್ದ, ಅದಕ್ಕೇ ಎಲ್ಲ ಗುಡಿಯಲ್ಲಿಯೂ ಒಂದಿಲ್ಲೊಂದು ಕೆತ್ತದೆ ಉಳಿದ ಕಲ್ಲು ಇರುತ್ತದೆ. ನಾನು ಚಿಕ್ಕವನಿದ್ದಾಗ ಆ ಕೆತ್ತದ ಕಲ್ಲನ್ನು ಹುಡುಕುವುದೇ ಆಟ. ಈಗ ಆ ಕತೆಯನ್ನು ಬೇರೆ ರೀತಿ ಕೇಳುತ್ತೇನೆ. ತಲೆಮಾರುಗಟ್ಟಲೆ ದುಡಿದ ನೂರಾರು ಕೈಗಳ ಹೆಸರು ಉಳಿಯದಿದ್ದಾಗ ಜನ ಅವರಿಗೆಲ್ಲ ಸೇರಿಸಿ ಒಂದು ಹೆಸರು ಇಟ್ಟುಕೊಂಡರು.

ಈ ಕಲ್ಲಿನ ಹೆಸರಿನಲ್ಲಿ ನನಗೆ ಬೇರೆಯೇ ಒಂದು ಸುಖವಿದೆ. ಬಳಪ ಎಂದರೆ ಪಾಟಿಯ ಮೇಲೆ ಅಕ್ಷರ ತೀಡುವ ಕಡ್ಡಿ. ಅಕ್ಷರದ ದೇವಿಗೆ ಬಳಪದ ಮನೆ.

ಆ ಮನೆಯಲ್ಲಿ ದೇವಿ ಇದ್ದಾಳೆ, ಆದರೆ ಮೂರ್ತಿ ಭಗ್ನವಾಗಿದೆ. ಕೊರಳಿನ ಹಾರಗಳ ಒಂದೊಂದು ಮಣಿ ಉಳಿದಿರುವಷ್ಟು ಕಡೆ ಇವತ್ತಿಗೂ ಚೂಪಾಗಿ ಕಾಣುತ್ತದೆ. ಅದಕ್ಕೇ ಹೋದ ಭಾಗದ ನೋವು ಹೆಚ್ಚು. ಭಿನ್ನವಾದ ಮೂರ್ತಿಗೆ ಪೂಜೆಯಿಲ್ಲ ಎನ್ನುವುದು ಶಾಸ್ತ್ರ. ಆ ಕಡೆ ತ್ರಿಕೂಟೇಶ್ವರನ ಮುಂದೆ ಗಂಟೆ, ದೀಪ, ಮಂಗಳಾರತಿ. ಈ ಕಡೆ ದೇವಿಯ ಹೊಸ್ತಿಲಲ್ಲಿ ಪಾರಿವಾಳದ ಪುಕ್ಕ.

ನನ್ನನ್ನು ಶಾಲೆಗೆ ಹಚ್ಚುವ ವರ್ಷ ಆಯಿ ಮೀಸಲಿನ ಚೀಲದ ಜೊತೆಗೆ ಒಂದು ಹೊಸ ಪಾಟಿಯನ್ನೂ ತಂದಿದ್ದಳು. ತ್ರಿಕೂಟಪ್ಪನ ಮುಂದೆ ಜೋಳ ಒಪ್ಪಿಸಿ, ಅಲ್ಲಿಂದ ನೇರ ಸರಸ್ವತಿಯ ಮಂಟಪಕ್ಕೆ ಕರೆದುಕೊಂಡು ಬಂದಳು. ಅಲ್ಲಿದ್ದ ಯಾರೋ ಹೇಳಿದರು, “ಆಯೀ, ಅಲ್ಲಿ ಪೂಜಿ ಇಲ್ಲ, ಮೂರ್ತಿ ಭಿನ್ನ ಆಗೈತಿ.” ಆಕೆ ತಿರುಗಿ ಮಾತಾಡಲಿಲ್ಲ. ಹೊಸ್ತಿಲ ಮುಂದೆ ಕೂತು ಸೆರಗಿನ ತುದಿಯಿಂದ ಆ ಹಾಸುಗಲ್ಲನ್ನು ಒರೆಸಿದಳು, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ, ಮನೆಯ ಒಲೆಗಟ್ಟೆ ಒರೆಸುವ ಹಾಗೆ. ಪಾಟಿಯನ್ನು ಅಲ್ಲಿ ಇಟ್ಟಳು. ನನ್ನ ಕೈಗೆ ಬಳಪ ಕೊಟ್ಟು, “ಬರಿ” ಎಂದಳು. ಏನು ಬರೆಯಬೇಕು ಎಂದು ನನಗೂ ಗೊತ್ತಿಲ್ಲ, ಆಕೆಗೂ ಗೊತ್ತಿಲ್ಲ. ಆಯಿಗೆ ಓದುಬರಹ ಬರುತ್ತಿರಲಿಲ್ಲ. ನಾನು ಒಂದು ಗೆರೆ ಎಳೆದೆ. ಅದರ ಪಕ್ಕ ಇನ್ನೊಂದು. ಆಕೆ ಪಾಟಿಯನ್ನು ಎತ್ತಿ ಕಣ್ಣಿಗೊತ್ತಿಕೊಂಡಳು.

ಗದಗಿನ ಗುಡಿಯಲ್ಲಿ ಅಕ್ಷರ ಕಲಿತವರ ಮಾತು ಬಂದರೆ ವೀರನಾರಾಯಣನನ್ನು ಬಿಡಲಾಗದು. ಹುಬ್ಬಳ್ಳಿ ಸೀಮೆಯ ಕೋಳಿವಾಡದ ನಾರಣಪ್ಪ, ನಾವೆಲ್ಲ ಕುಮಾರವ್ಯಾಸ ಎಂದು ಕರೆಯುವ ಕವಿ, ಹದಿನೈದನೆಯ ಶತಮಾನದಲ್ಲಿ ಭಾಮಿನಿ ಷಟ್ಪದಿಯಲ್ಲಿ ಭಾರತ ಬರೆದದ್ದು ಆ ದೇವರ ಅಂಕಿತದಲ್ಲಿ. ಗುಡಿಯ ಕೊಳವಾದ ಕೋನೇರಿಯಲ್ಲಿ ಮಿಂದು ಒದ್ದೆ ಬಟ್ಟೆಯಲ್ಲಿ ಬಂದು ಕಂಬಕ್ಕೆ ಆತು ಕೂತರೆ ಬಟ್ಟೆ ಒಣಗುವವರೆಗೆ ಪದ್ಯ ಬರುತ್ತಿತ್ತು, ಒಣಗಿದರೆ ನಿಲ್ಲುತ್ತಿತ್ತು ಎಂದು ಊರೆಲ್ಲ ಹೇಳುವ ಕತೆ. ಆ ಕಂಬವನ್ನು ಈಗಲೂ ತೋರಿಸುತ್ತಾರೆ. ವೀರನಾರಾಯಣನೇ ಕವಿ, ತಾನು ಬರೀ ಲಿಪಿಕಾರ ಎಂದು ಹೇಳಿಕೊಂಡವನೇ, ಹಲಗೆ ಬಳಪ ಹಿಡಿಯದೆ, ಬರೆದದ್ದನ್ನು ಅಳಿಸದೆ ಕಾವ್ಯ ಮಾಡಿದ್ದು ತನ್ನ ಹೆಚ್ಚುಗಾರಿಕೆ ಎಂದೂ ಹೇಳಿದ್ದಾನೆ. ದಿನವಿಡೀ ಬೇರೆಯವರ ಬರಹ ತಿದ್ದುವ ನನಗೆ ಅದನ್ನು ನೆನೆದರೆ ಮೈ ನವಿರೇಳುತ್ತದೆ. ಹೊಯ್ಸಳ ವಿಷ್ಣುವರ್ಧನನೇ ಆ ಗುಡಿ ಕಟ್ಟಿಸಿದ, ಬೇಲೂರು, ತಲಕಾಡು, ಮೇಲುಕೋಟೆ, ತೊಣ್ಣೂರಿನ ಜೊತೆಗೆ ಇದು ಪಂಚನಾರಾಯಣರಲ್ಲಿ ಒಂದು ಎನ್ನುವ ನಂಬಿಕೆ ಇದೆ. ಮುಂದಿನ ಮಹಾದ್ವಾರ ವಿಜಯನಗರದ ರೀತಿಯದು. ಒಬ್ಬರು ಕಟ್ಟಿದ್ದಕ್ಕೆ ಇನ್ನೊಬ್ಬರು ಸೇರಿಸುತ್ತ ಬಂದದ್ದೇ ಇಲ್ಲಿಯೂ.

ತ್ರಿಕೂಟೇಶ್ವರ, ವೀರನಾರಾಯಣ ಈ ಎರಡು ಗುಡಿಗಳ ಜೊತೆಗೆ ಊರಿನ ಜುಮ್ಮಾ ಮಸೀದಿ, ಮೂರರ ಆಡಳಿತವನ್ನೂ ಒಂದೇ ಸಮಿತಿ ನೋಡಿಕೊಂಡು ಬಂದದ್ದನ್ನು ಗದಗಿನವರು ಹೊರಗಿನವರಿಗೆ ಹೆಮ್ಮೆಯಿಂದ ಹೇಳುತ್ತಾರೆ. ನಾನೂ ಹೇಳುತ್ತೇನೆ. ಆಯಿ ಹೇಳಿದ, ಪಾಲಾಗದ ಮನೆಯ ಮಾತು ಅಲ್ಲಿಯೂ ನೆನಪಾಗುತ್ತದೆ.

ತ್ರಿಕೂಟೇಶ್ವರದಲ್ಲಿ ಈಗಲೂ ನಿತ್ಯಪೂಜೆ ಇದೆ. ಶ್ರಾವಣದ ಸೋಮವಾರ, ಶಿವರಾತ್ರಿಗೆ ನೂಕುನುಗ್ಗಲು. ಉಳಿದ ದಿನ ಮಧ್ಯಾಹ್ನ ಹೋದರೆ ಮಂಟಪದಲ್ಲಿ ಒಬ್ಬಿಬ್ಬರು ಮುದುಕರು, ಪರೀಕ್ಷೆಗೆ ಓದುವ ಒಬ್ಬ ಹುಡುಗ, ಅಷ್ಟೇ. ಕೆಲವು ಕಂಬಗಳ ಮೇಲೆ ಕಬ್ಬಿಣದ ಮೊಳೆಯಿಂದ ಹೆಸರು ಗೀಚಿದ್ದಾರೆ, ಹೃದಯದ ಚಿತ್ರ ಬರೆದಿದ್ದಾರೆ. ಒಂಬತ್ತು ನೂರು ವರ್ಷ ನುಣುಪಾಗಿಯೇ ಉಳಿದ ಕಲ್ಲಿನ ಮೇಲೆ ಒಂದು ನಿಮಿಷದ ಕೆಲಸ. ಅದನ್ನು ನೋಡಿದಾಗ ನನಗೆ ಸಿಟ್ಟಿಗಿಂತ ಸಂಕಟ ಹೆಚ್ಚು. ಆ ಕಲ್ಲಿನ ಮೆತುವೇ ಶಿಲ್ಪಿಗೂ ಒದಗಿತು, ಗೀಚುವವನಿಗೂ ಒದಗಿತು. ರಕ್ಷಿತ ಸ್ಮಾರಕವೆಂಬ ಬೋರ್ಡು ಹೊರಗೆ ಇದೆ. ಬೋರ್ಡು ಬೇಕು, ಕಾವಲೂ ಬೇಕು. ಆದರೆ ಸೆರಗಿನಿಂದ ಹಾಸುಗಲ್ಲು ಒರೆಸುವವರು ದಿನಕ್ಕೊಬ್ಬರು ಇದ್ದರೆ ಮೊಳೆ ಹಿಡಿದವನ ಕೈ ತಡೆಯುತ್ತಿತ್ತು ಎಂದೇ ನನ್ನ ನಂಬಿಕೆ. ‘ಅನುಪಾಲನಂ’ ಎನ್ನುವ ಶಬ್ದ ಶಾಸನದಲ್ಲಿ ದೊರೆಗಳಿಗೆ ಹೇಳಿದ್ದು. ಈಗ ದೊರೆಗಳಿಲ್ಲ.

ಆಯಿ ತೀರಿಕೊಂಡದ್ದು ಹೋದ ವರ್ಷ, ರಾಶಿಗೆ ಇನ್ನೂ ಹದಿನೈದು ದಿನ ಇರುವಾಗ. ಆ ಸಲ ಮೀಸಲಿನ ಚೀಲ ಯಾರೂ ತುಂಬಲಿಲ್ಲ ಎಂದುಕೊಂಡು ಊರಿಗೆ ಹೋದೆ. ಜಗಲಿಯ ಬದಿಗೆ ಚೀಲ ಇತ್ತು. ಕಾಕ ತುಂಬಿದ್ದ. ದೊಡ್ಡಪ್ಪನ ಕಣಕ್ಕೆ ತಾನೇ ಹೋಗಿ, ಬಾಗಿಲಲ್ಲಿ ನಿಂತು, “ಅಣ್ಣಾ, ಅವ್ವನ ಚೀಲ ತಂದೇನಿ” ಎಂದನಂತೆ. ದೊಡ್ಡಪ್ಪ ಎದ್ದು ಬಂದು ಬೊಗಸೆ ಹಾಕಿದನಂತೆ. ಮುಂದೇನಾಯಿತು ಎಂದು ಇಬ್ಬರೂ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಸೋಮವಾರ ಚೀಲ ಹೊತ್ತುಕೊಂಡು ಗದಗಿನ ನಿಲ್ದಾಣದಲ್ಲಿ ಇಳಿದೆ. ಆಟೋದವರು ಕರೆದರು, ನಡೆದುಕೊಂಡೇ ಹೋದೆ. ಪೂಜಾರಿಗಳು ಚೀಲ ನೋಡಿ, “ಆಯಿ ಬರಲಿಲ್ಲೇನು?” ಎಂದು ಕೇಳಿದರು. ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಆಮೇಲೆ ಚೀಲದ ಹೊಲಿಗೆ ಬಿಚ್ಚಿದರು. ಮೂರು ಲಿಂಗಗಳ ಮುಂದೆ ಜೋಳ ಇಟ್ಟು ಮಂಗಳಾರತಿ ಬೆಳಗಿದರು. ಎಂದಿನ ಹಾಗೆ ಒಂದು ಹಿಡಿ ಜೋಳ ಬಿಲ್ವಪತ್ರೆಯ ಜೊತೆಗೆ ಮರಳಿ ನನ್ನ ಕೈಗೆ ಹಾಕಿದರು, ಮನೆಯ ಬೀಜದಲ್ಲಿ ಕೂಡಿಸಲಿಕ್ಕೆ.

ಅದನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಸರಸ್ವತಿಯ ಮಂಟಪಕ್ಕೆ ಬಂದೆ. ಹೊಸ್ತಿಲ ಹಾಸುಗಲ್ಲಿನ ಮೇಲೆ ಧೂಳು, ಎರಡು ಪುಕ್ಕ. ಒರೆಸಲು ಬೇರೆ ಏನೂ ಇರಲಿಲ್ಲ, ಹೆಗಲ ಮೇಲಿನ ಟವೆಲ್ಲು ತೆಗೆದೆ.